ಸ್ಪಷ್ಟನೆ: 2250ನೇ ನಿರ್ಣಯ ಸ್ಥಾನ ಮೀಸಲಿಟ್ಟಿಲ್ಲ

ಸಂಶೋಧನೆ, ನೀತಿರಚನೆಗಳಲ್ಲಿ ಯುವಜನರ ದನಿಗೂ ಬೆಲೆ ಸಿಗಲೆಂದು ಹೋರಾಡುತ್ತಿರುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ ಒಂದು ಸಂದೇಶ ಹರಿದಾಡುತ್ತಿದೆ: ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2250ನೇ ನಿರ್ಣಯದಂತೆ ಪ್ರತಿ ನೀತಿ ಸಮಿತಿಯಲ್ಲೂ ಯುವಜನರಿಗೆ ಸ್ಥಾನ ಕಡ್ಡಾಯ. ಇದು ಸರಿಯಲ್ಲ.

2015ರ ಡಿಸೆಂಬರ್ 9ರಂದು ಅಂಗೀಕಾರವಾದ ಆ ನಿರ್ಣಯದ ವಿಷಯ ಯುವಜನ, ಶಾಂತಿ ಮತ್ತು ಭದ್ರತೆ. ಸಂಘರ್ಷ ತಡೆಯುವ, ಬಗೆಹರಿಸುವ ಸಂಸ್ಥೆಗಳ ನಿರ್ಧಾರಗಳಲ್ಲಿ ಯುವಜನರ ಪ್ರಾತಿನಿಧ್ಯ ಹೆಚ್ಚಿಸುವ ದಾರಿಗಳನ್ನು ಪರಿಶೀಲಿಸುವಂತೆ ಸದಸ್ಯ ರಾಷ್ಟ್ರಗಳನ್ನು ಅದು ಒತ್ತಾಯಿಸುತ್ತದೆ. ಕೋಟಾ ಎಲ್ಲಿಯೂ ಇಲ್ಲ. ಅದರ ಲೆಕ್ಕದಲ್ಲಿ ಯುವಜನರೆಂದರೆ 18ರಿಂದ 29 ವರ್ಷದವರು. ಯುವಜನರ ಕೊಡುಗೆಯ ಬಗ್ಗೆ ಅಧ್ಯಯನ ನಡೆಸುವಂತೆ ಮಹಾಕಾರ್ಯದರ್ಶಿಯನ್ನೂ ಕೋರಿದೆ; ವಿದ್ಯಾರ್ಥಿಗಳ ಮನವಿಪತ್ರಕ್ಕೆ ನಿಜಕ್ಕೂ ಉಪಯೋಗವಾಗುವ ಈ ಅಂಶವನ್ನು ಸಂದೇಶ ಬಿಟ್ಟೇಬಿಟ್ಟಿದೆ!

ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆನ್ನುವ, 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯನ್ನೂ ಕೆಲವರು ಜೊತೆಗೆ ಸೇರಿಸುತ್ತಿದ್ದಾರೆ. ಆ ವಿಧಿ 18 ತುಂಬದವರಿಗೆ ಮಾತ್ರ. ಪದವಿ ಓದುವವರಲ್ಲಿ ಹೆಚ್ಚಿನವರು ಆ ವಯಸ್ಸು ದಾಟಿದವರೇ.