ಕಿವಿಯವರೆಗೆ ಏರಿದ ಲೈಫ್ ಜಾಕೆಟ್

ನಮ್ಮ ಚರ್ಚಿನ ಹುಡುಗರ ಶಿಬಿರದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರನೆಯ ದಿನ ಬಂದ ಫೋಟೋ ನೋಡಿದಾಗಿನಿಂದ ನನ್ನ ಮೈ ಉರಿಯುತ್ತಿದೆ. ಸರೋವರದ ದಂಡೆಯಲ್ಲಿ ಹುಡುಗರ ಸಾಲು, ನಡುವೆ ನನ್ನ ಹತ್ತು ವರ್ಷದ ಮಗ. ಅವನ ಮೈಮೇಲಿರುವುದು ದೊಡ್ಡವರ ಲೈಫ್ ಜಾಕೆಟ್. ಅದರ ಕೊರಳು ಕಿವಿಯವರೆಗೆ ಏರಿದೆ, ಕೆಳಗಿನ ಪಟ್ಟಿ ಸಡಿಲವಾಗಿ ಜೋತಾಡುತ್ತಿದೆ. ಫೋಟೋದ ಅಡಿಯಲ್ಲಿ ಕೈಮುಗಿದ ಚಿತ್ರಗಳ ಸುರಿಮಳೆ.

ಭುಜದ ಬಳಿ ಹಿಡಿದು ಎತ್ತಿದಾಗ ಜಾಕೆಟ್ ಗಲ್ಲ, ಕಿವಿ ದಾಟಿ ಬಂದರೆ ಅದು ಆ ಮಗುವಿನ ಅಳತೆಯದಲ್ಲ. ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಕೆಳಕ್ಕೆ ಜಾರುತ್ತದೆ. ಇದನ್ನು ಪರೀಕ್ಷಿಸಲು ಅರ್ಧ ನಿಮಿಷ ಸಾಕು.

ಶಿಬಿರದ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. "ಎಷ್ಟು ಖುಷಿಯಾಗಿದ್ದಾನೆ ನೋಡಿ" ಎಂದರು. ಸಣ್ಣ ಅಳತೆಯವು ಇಲ್ಲವೇ ಎಂದೆ. "ಎಲ್ಲರಿಗೂ ಒಂದೊಂದು ಇದೆಯಲ್ಲ" ಎಂದರು. ಹುಡುಗರು ನೀರಿನಲ್ಲಿರುವಾಗ ಕಾಯುವವರು ಯಾರು ಎಂದೆ. "ದೇವರು ಕಾಯುತ್ತಾನಮ್ಮ, ಪ್ರಾರ್ಥನೆ ಮುಗಿಸಿಯೇ ನಾವು ನೀರಿಗೆ ಇಳಿಸುವುದು."

ಪ್ರಾರ್ಥನೆಯ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅದೇ ಚರ್ಚಿನ ಬೆಂಚಿನಲ್ಲಿ ಕುಳಿತವಳೇ, ಮಗನನ್ನು ಕಳುಹಿಸಿದ್ದೂ ಆ ನಂಬಿಕೆಯಿಂದಲೇ. ಹಾಗೆಂದು ಕಾವಲುಗಾರನ ಹಾಜರಿಯಲ್ಲಿ ದೇವರ ಹೆಸರು ಬರೆದುಬಿಡುವುದೇ? ಅವಘಡಕ್ಕೆ ಶಿಬಿರ ಹೊಣೆಯಲ್ಲ ಎಂಬ ಕಾಗದಕ್ಕೆ ಮಾತ್ರ ನನ್ನಿಂದ ಎರಡು ಕಡೆ ಸಹಿ ಹಾಕಿಸಿಕೊಂಡಿದ್ದರು. ಅಲ್ಲಿ ಯಾರೂ ದೇವರ ಮೇಲೆ ಭಾರ ಹಾಕಿರಲಿಲ್ಲ!

ಮಗ ಮನೆಗೆ ಬಂದ ಮೇಲೆ ಉಳಿದದ್ದು ತಿಳಿಯಿತು. ಒಂದು ಸೀಟಿ, ಒಬ್ಬ ಸ್ವಯಂಸೇವಕ, ನೀರಿನಲ್ಲಿ ನಲವತ್ತು ಹುಡುಗರು. ಆ ಸ್ವಯಂಸೇವಕನೇ ಫೋಟೋ ತೆಗೆಯುವವನು ಕೂಡ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೀರನ್ನು ನೋಡಬೇಕಾದವನು ಮೊಬೈಲ್ ನೋಡುತ್ತಿದ್ದ, ನಮ್ಮಂಥವರಿಗೆ ಸಂತೋಷದ ಚಿತ್ರ ಕಳುಹಿಸಬೇಕಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿ, ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ, ಜೋಡಿಗಳು ಕೈಹಿಡಿದು ಮೇಲೆತ್ತಿದಾಗ ಎಣಿಸುತ್ತೇವೆ ಎಂದು ಮೊದಲ ದಿನ ಹೇಳಿದ್ದರಂತೆ. ಎಣಿಸಿದ್ದು ಅದೊಂದೇ ದಿನ. ಈಜು ಬರುತ್ತದೆಯೇ ಎಂದು ಕೇಳಿದರಂತೆ, ಬರುತ್ತದೆ ಎಂದವರೆಲ್ಲ ಆಳಕ್ಕೆ ಹೋದರಂತೆ. ಗೆಳೆಯರ ಎದುರು ಬರುವುದಿಲ್ಲ ಎನ್ನುವ ಹತ್ತು ವರ್ಷದ ಹುಡುಗನನ್ನು ನಾನಂತೂ ಕಂಡಿಲ್ಲ.

ಸರೋವರವೆಂದರೆ ಈಜುಕೊಳವಲ್ಲ. ತಳ ಕಾಣುವುದಿಲ್ಲ, ಮೊಣಕಾಲುದ್ದದ ನೀರು ಎರಡು ಹೆಜ್ಜೆಗೆ ಆಳವಾಗುತ್ತದೆ, ಕೆಸರು ಕಾಲು ಹಿಡಿಯುತ್ತದೆ. ಮುಳುಗುವವನು ಕೂಗುತ್ತಾನೆ, ಕೈ ಬೀಸುತ್ತಾನೆ ಎಂದು ನಂಬಿದ್ದಾರೆ ಇವರು. ಉಸಿರಿಗೇ ದಾರಿಯಿಲ್ಲದಿರುವಾಗ ಕೂಗುವುದು ಎಲ್ಲಿಂದ? ಸದ್ದಿಲ್ಲದೆ, ಒಂದು ನಿಮಿಷದೊಳಗೇ ಎಲ್ಲ ಮುಗಿದುಹೋಗಬಹುದು. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಗಂಡಸರೇ ಹೆಚ್ಚು. ಗಂಡುಹುಡುಗರ ಶಿಬಿರ ನಡೆಸುವವರಿಗೆ ಇದನ್ನು ನಾನು ಹೇಳಬೇಕೇ?

ಕಳೆದುಹೋದ ಟವೆಲ್, ಬೇರೆ ಯಾರದೋ ಒದ್ದೆ ಚಡ್ಡಿ, ಬೂಷ್ಟು ಹಿಡಿದ ಚೀಲ, ಇವಕ್ಕೆಲ್ಲ ನಾನು ಜಗಳ ತೆಗೆಯುವವಳಲ್ಲ. ಈ ಮಾತನ್ನು ಎತ್ತಿದ್ದಕ್ಕೆ ಗುಂಪಿನಲ್ಲಿ ಇನ್ನೊಬ್ಬ ತಾಯಿ, "ಏನೂ ಆಗಲಿಲ್ಲವಲ್ಲ, ಬಿಡಿ" ಎಂದು ಬರೆದರು. ಅದಕ್ಕೆ ಬಿದ್ದ ಮೆಚ್ಚುಗೆಗಳನ್ನು ಎಣಿಸಲು ಹೋಗಲಿಲ್ಲ.

ನಿನ್ನೆ ಮುಂದಿನ ವರ್ಷದ ಅರ್ಜಿ ಬಂತು. ಮಗನ ಟಿ-ಷರ್ಟ್ ಅಳತೆ ಕೇಳಿದ್ದಾರೆ.