ಫೋನ್ ನಂಬರ್ ಕೇಳಿದರೆ ಎರಡನೇ ಮಹಡಿ

‘ಸಿಎಸ್‌ವಿ ಫೈಲಿಂದ ಎರಡೇ ಎರಡು ಕಾಲಂ ತೆಗೆದುಕೊಡಿ, ಎರಡು ನಿಮಿಷದ ಕೆಲಸ’ ಅನ್ನುವವರು, ಕಾಲಂಗಳ ನಡುವೆ ಕಾಮಾ ಹಾಕಿಟ್ಟ ಆ ಫೈಲನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ. ಎರಡು ನಿಮಿಷದ್ದೇ ಕೆಲಸ, ಒಪ್ಪಿದೆ. ಒಳಗೆ ಬೆಂಗಳೂರಿನ ವಿಳಾಸ ಇರಬಾರದು ಅಷ್ಟೆ.

ಕಾಲಂ ಮೂರೇ: ಹೆಸರು, ವಿಳಾಸ, ಫೋನ್. ಲಿನಕ್ಸ್‌ನಲ್ಲಿ ಕಾಲಂ ಕತ್ತರಿಸುವ ಕಟ್ ಕಮಾಂಡಿಗೆ ಮೈನಸ್ ಡಿ ಹಾಕಿ ಕಾಮಾ (ಎಲ್ಲಿ ಕತ್ತರಿಸಬೇಕು), ಮೈನಸ್ ಎಫ್ ಹಾಕಿ 1,3 (ಯಾವ ಕಾಲಂ ಬೇಕು) ಕೊಟ್ಟರೆ ಹೆಸರಿನ ಪಕ್ಕ ಫೋನ್ ಬರಬೇಕು. ಬರುವುದು ‘2ನೇ ಮಹಡಿ’. ಕೆಳಗಿನವರಿಗೆ ‘4ನೇ ಮೇನ್’. ಅದರ ಕೆಳಗಿನವರಿಗೆ ‘ಗಣಪತಿ ದೇವಸ್ಥಾನದ ಹಿಂದೆ’. ಡಯಲ್ ಮಾಡಿ ನೋಡಿ! ಮನೆ ನಂಬರ್, ಮಹಡಿ, ಕ್ರಾಸ್, ಮೇನ್, ಬ್ಲಾಕ್, ಸ್ಟೇಜ್, ಹಾಲಿನ ಬೂತ್ ಎದುರು: ಕಾಮಾ ಇಲ್ಲದೆ ನಮ್ಮಲ್ಲಿ ಯಾರೂ ಮನೆ ಸೇರುವುದಿಲ್ಲ. ಎಕ್ಸೆಲ್ ಪಾಪ, ಇದೆಲ್ಲ ಒಂದೇ ಕಾಲಂ ಎಂದು ತಿಳಿಯಲೆಂದು ಇಡೀ ವಿಳಾಸಕ್ಕೆ ಡಬಲ್ ಕೋಟ್ಸ್ ಸುತ್ತಿಯೇ ಕಳಿಸಿರುತ್ತದೆ. ಕಟ್‌ಗೆ ಕೋಟ್ಸ್ ಕೂಡ ಇನ್ನೊಂದು ಅಕ್ಷರ. ಕಾಮಾ ಕಂಡಲ್ಲೆಲ್ಲ ಕತ್ತರಿ. ಹಾಗಾಗಿ ಒಬ್ಬರ ಫೋನ್ ಏಳನೇ ಕಾಲಮ್ಮಿನಲ್ಲಿ, ಮನೆ ಹತ್ತಿರ ದೇವಸ್ಥಾನ ಇರುವ ಪುಣ್ಯವಂತರದ್ದು ಎಂಟನೆಯದರಲ್ಲಿ.

ಫೋನ್ ಮೊದಲು, ಹೆಸರು ಆಮೇಲೆ ಬೇಕೆಂದು 3,1 ಬರೆದರೂ ಕಟ್ ಕೊಡುವುದು 1,3ನ್ನೇ. ಅದಕ್ಕೆ ಫೈಲಿನ ಕ್ರಮವೇ ಕ್ರಮ, ನಾವು ಕೇಳಿದ್ದಲ್ಲ.

ಫೋನ್ ಕೊನೆಯ ಕಾಲಂ ಆಗಿದ್ದರೆ ಆಕ್ ಎಂಬ ಇನ್ನೊಂದು ಕಮಾಂಡಿನಲ್ಲಿ ಉಪಾಯವಿದೆ: ದೊಡ್ಡ ಎಫ್‌ಗೆ ಕಾಮಾ ಕೊಟ್ಟು ಡಾಲರ್ ಎನ್‌ಎಫ್ (ಕೊನೆಯ ಕಾಲಂ), ಡಾಲರ್ 1 (ಮೊದಲನೆಯದು) ಪ್ರಿಂಟ್ ಮಾಡಿಸಿದರೆ ನಡುವೆ ಎಷ್ಟು ಕ್ರಾಸ್ ಇದ್ದರೇನು, ಕೊನೆಯದೇ ಮೊದಲು ಬರುತ್ತದೆ. ಆದರೆ ವಿಂಡೋಸ್‌ನಿಂದ ಬಂದ ಫೈಲಾದರೆ ಸಾಲಿನ ತುದಿಯಲ್ಲಿ ಕ್ಯಾರೇಜ್ ರಿಟರ್ನ್ ಎಂಬ ಕಾಣದ ಅಕ್ಷರ ಅಂಟಿರುತ್ತದೆ. ಪರದೆಯಲ್ಲಿ ಕರ್ಸರ್ ಸಾಲಿನ ಆರಂಭಕ್ಕೆ ಓಡಿ, ಹೆಸರು ನಂಬರಿನ ಮೇಲೇ ಹತ್ತಿ ಕೂರುತ್ತದೆ. ಹೆಸರು ಗಿಡ್ಡವಾದರೆ ಕೊನೆಯ ಅಂಕಿಗಳು ಬಾಲದಂತೆ ಇಣುಕುತ್ತವೆ. ಟಿಆರ್ ಮೈನಸ್ ಡಿ ಕಮಾಂಡಿನಲ್ಲಿ ಮೊದಲೇ ಅದನ್ನು ಅಳಿಸಬೇಕು.

ಕಟ್‌ಗೆ ಏನೂ ಹೇಳದಿದ್ದರೆ ಅದು ಕತ್ತರಿಸುವುದು ಟ್ಯಾಬ್ ಕಂಡಲ್ಲಿ. ಎಲ್ಲರೂ ಟ್ಯಾಬ್ ಹಾಕಿಯೇ ಫೈಲ್ ಕಳಿಸಿದ್ದರೆ ಎಷ್ಟು ಚೆನ್ನಾಗಿತ್ತು! ವಿಳಾಸ ಹೇಳುವಾಗ ನಡುವೆ ಟ್ಯಾಬ್ ಒತ್ತುವವರು ಈ ಊರಲ್ಲಿ ಹುಟ್ಟಿಲ್ಲ.

ಈಗ ಸಿಎಸ್‌ವಿ ಫೈಲಿಗೆಂದೇ ಇರುವ ಸಿಎಸ್‌ವಿಕಿಟ್ ಎಂಬ ಸಲಕರಣೆಗಳ ಗಂಟಿನಲ್ಲಿ ಸಿಎಸ್‌ವಿಕಟ್ ಇದೆ. ಕೋಟ್ಸ್ ಅರ್ಥವಾಗುತ್ತದೆ, 3,1 ಅಂದರೆ 3,1 ಕೊಡುತ್ತದೆ. ಆಕ್‌ನ ಗ್ನೂ ರೂಪವಾದ ಗಾಕ್‌ನಲ್ಲಿ 5.3ನೇ ಆವೃತ್ತಿಯಿಂದ ಸಿಎಸ್‌ವಿ ಓದುವ ಆಯ್ಕೆಯೂ ಬಂದಿದೆ. ಸರ್ವರಿನಲ್ಲಿ ಇವೆರಡನ್ನೂ ಹಾಕಿರುವುದಿಲ್ಲ, ಅದು ಬೇರೆ ಮಾತು. ಒಂದೇ ಖಾನೆಯಲ್ಲಿ ಆಲ್ಟ್-ಎಂಟರ್ ಒತ್ತಿ ಪಿನ್‌ಕೋಡನ್ನು ಎರಡನೇ ಸಾಲಿಗೆ ಇಳಿಸುವ ಮಹಾನುಭಾವರಿಗಂತೂ ಇಂಥವೇ ಗತಿ.