ಕೂಲ್ ವಿಳಾಸ

ನನ್ನ ಜಿಮೇಲ್ ವಿಳಾಸ ಕಾಲೇಜಿನ ದಿನಗಳದ್ದು. 'ಕೂಲ್' ಅಂತ ಶುರುವಾಗಿ ಹುಟ್ಟಿದ ವರ್ಷಕ್ಕೆ ಮುಗಿಯುತ್ತದೆ. ತಲೆ ಮೇಲಿನ ಕೂದಲು ಕಮ್ಮಿಯಾದ ಮೇಲೂ ಅದನ್ನೇ ಹೇಳಿಕೊಳ್ಳಲು ನಾಚಿಕೆಯಾಗಿ, ಮನೆತನದ ಹೆಸರಿನಲ್ಲಿ ಒಂದು ಡೊಮೈನ್, ಅಂದರೆ ವಿಳಾಸದಲ್ಲಿ ಅಟ್ ಗುರುತಿನ ನಂತರ ಬರುವ ಹೆಸರು, ಕೊಂಡೆ. ಅಲ್ಲಿಗೆ ಬಂದ ಮೇಲ್ ಎಲ್ಲ ಹಳೆ ಜಿಮೇಲ್‌ಗೇ ಫಾರ್ವರ್ಡ್. ಹೋಟೆಲಿಗೆ ಹೊಸ ಬೋರ್ಡು, ಒಳಗೆ ಅದೇ ಹಳೆ ಬೆಂಚು.

ಬೋರ್ಡನ್ನು ಮೊದಲು ತೋರಿಸಿದ್ದು ಬ್ಯಾಂಕಿನ ಕೌಂಟರಿನಲ್ಲಿ.

"ಅಟ್ ಜಿಮೇಲ್ ಡಾಟ್ ಕಾಮ್ ಅಲ್ವಾ ಸಾರ್?"

"ಅಲ್ಲ ಮೇಡಂ, ನಂದೇ ಡೊಮೈನು."

"ಅಂದ್ರೆ ಯಾಹೂನಾ?"

ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಅವರು ಅದರ ಬಾಲಕ್ಕೆ ಜಿಮೇಲ್ ಡಾಟ್ ಕಾಮ್ ಅಂಟಿಸಿಯೇ ಟೈಪ್ ಮಾಡಿದರು.

ಅವರ ತಪ್ಪಿಗೆ ಮದ್ದಿಲ್ಲ, ಹೆಸರು ತಪ್ಪು ಬರೆಯುವವರ ಮೇಲಾದರೂ ಸಿಗಲಿ ಅಂತ ಮನೆಗೆ ಬಂದು 'ಕ್ಯಾಚ್ ಆಲ್' ಆನ್ ಮಾಡಿದೆ. ಅಟ್ ಗುರುತಿಗೆ ಮುಂಚೆ ಯಾವ ಹೆಸರು ಹಾಕಿದ್ದರೂ ಮೇಲ್ ನನಗೇ ಬರುತ್ತದೆ. ಛತ್ರದ ಬಾಗಿಲು ತೆಗೆದಿಟ್ಟು ಊಟಕ್ಕೆ ಬನ್ನಿ ಅಂದ ಹಾಗಾಯಿತು. ವಾರದೊಳಗೆ ಸೇಲ್ಸ್, ಅಡ್ಮಿನ್, ಎಚ್‌ಆರ್ ಎಲ್ಲರ ಹೆಸರಿಗೂ ಮೇಲ್. ಮನೆಯಲ್ಲಿರುವುದು ನಾನು, ಹೆಂಡತಿ, ಅಮ್ಮ. ಎಚ್‌ಆರ್ ವಿಭಾಗಕ್ಕೆ ಬಂದಿದ್ದನ್ನು ಹೆಂಡತಿಗೆ ತೋರಿಸಿದೆ. "ಮೊದ್ಲು ನನ್ನ ಸಂಬಳ ಎಷ್ಟು ಅಂತ ಕೇಳಿ" ಅಂದಳು.

ಈ ಕಸ ಹುಟ್ಟಿಸಿದವನು ಯಾರೋ. ಜಿಮೇಲ್ ಬಾಗಿಲಿಗೆ ತಂದು ಸುರಿಯುವುದು ಮಾತ್ರ ನನ್ನ ಫಾರ್ವರ್ಡ್ ಸರ್ವರ್. ಕೆಟ್ಟ ಹೆಸರು ಅದಕ್ಕೆ. ಸಹವಾಸ ದೋಷ ಅಂತಾರಲ್ಲ, ಹಾಗೆ ಒಳ್ಳೆಯ ಮೇಲ್‌ಗಳೂ ಸ್ಪ್ಯಾಮ್‌ಗೆ ಬೀಳತೊಡಗಿದವು.

ಇನ್ನೊಂದು ಕಾರಣವೂ ಇತ್ತು. "ನಮ್ಮ ಪತ್ರ ತರುವ ಪೋಸ್ಟ್‌ಮ್ಯಾನ್‌ಗಳು ಇಷ್ಟೇ ಜನ" ಅಂತ ಕಳಿಸುವವರು ಬರೆದಿಡುವ ಪಟ್ಟಿಗೆ ಎಸ್‌ಪಿಎಫ್ ಅಂತ ಹೆಸರು. ನನ್ನ ಸರ್ವರ್, "ನಿಮ್ಮ ಕಾಗದ ನಮ್ಮನೆಗೆ ಬಂದಿತ್ತು" ಅಂತ ತಂದುಕೊಡುವ ಪಕ್ಕದ ಮನೆಯವರಿದ್ದಂತೆ. ಪಟ್ಟಿಯಲ್ಲಿ ಅದರ ಹೆಸರೆಲ್ಲಿರುತ್ತದೆ? ಇಂಥ ಹೊತ್ತಿಗೆ ಕಾಪಾಡುವುದು ಡಿಕಿಮ್. ಅದು ಕಳಿಸುವವರು ಒತ್ತುವ ಅರಗಿನ ಮುದ್ರೆ. ಪತ್ರವನ್ನು ಯಾರೂ ತಿದ್ದದಿದ್ದರೆ ಯಾರ ಕೈಯಲ್ಲಿ ಬಂದರೂ ನಡೆಯುತ್ತದೆ. 2024ರ ಫೆಬ್ರವರಿಯಿಂದಂತೂ ಜಿಮೇಲ್‌ಗೆ ಮೇಲ್ ಕಳಿಸುವವರು ಇವೆರಡರಲ್ಲಿ ಒಂದನ್ನಾದರೂ ಇಟ್ಟುಕೊಂಡಿರಲೇಬೇಕು. ನಾನೋ, ಸುಲಭವಾಗಿ ಗುರುತು ಸಿಗಲಿ ಅಂತ ಪ್ರತಿ ಮೇಲಿನ ಸಬ್ಜೆಕ್ಟಿಗೂ 'ಮನೆ' ಅಂತ ಸೇರುವ ಹಾಗೆ ಸೆಟ್ಟಿಂಗ್ ಮಾಡಿದ್ದೆ. ಬಂದ ಮುದ್ರೆಯನ್ನೆಲ್ಲ ಕೈಯಾರೆ ಒಡೆಯುತ್ತಿದ್ದೆ.

ನಡುವೆ ಒಮ್ಮೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಖಡಕ್ಕಾಗಿ ಉತ್ತರ ಬರೆದೆ. ಫಾರ್ವರ್ಡ್ ಅನ್ನೋದು ಒನ್ ವೇ. ಬರುವುದಕ್ಕಷ್ಟೇ. ಉತ್ತರ ಹೋಗಿದ್ದು ಹಳೆ ವಿಳಾಸದಿಂದ. ಅವರೀಗ ಲಿಫ್ಟಿನಲ್ಲಿ ಸಿಕ್ಕರೆ "ಏನ್ ಕೂಲ್ ಸಾರ್, ನೀರು ಬರ್ತಿದೆಯಾ?" ಅಂತಾರೆ.

ಒಂದು ಬೆಳಗ್ಗೆ ಮೇಲ್ ಬರುವುದೇ ನಿಂತಿತು. ಎಂಥಾ ನೆಮ್ಮದಿ ಅಂದುಕೊಂಡೆ. ಮೂರನೇ ದಿನ ಗೊತ್ತಾಯಿತು, ಡೊಮೈನಿನ ಅವಧಿ ಮುಗಿದಿತ್ತು. ದುಡ್ಡು ಕಟ್ಟಿ ಅನ್ನುವ ನೋಟಿಸುಗಳು ಐದು ಸಲ ಬಂದು ಸ್ಪ್ಯಾಮಿನಲ್ಲಿ ಕೂತಿದ್ದವು. ಲಾಗಿನ್ ಆಗೋಣ ಅಂದರೆ ಪಾಸ್‌ವರ್ಡ್ ನೆನಪಿಲ್ಲ. ಹೊಸದು ಕೇಳಿದರೆ ಅದು ಹೋಗುವುದು ಅದೇ ಡೊಮೈನಿನ ವಿಳಾಸಕ್ಕೆ. ಆ ಡೊಮೈನೇ ಮಲಗಿದೆ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡಿದ್ದೆ. ಬೇರೆ ಯಾರಾದರೂ ಈ ಹೆಸರು ಕೊಂಡುಬಿಟ್ಟರೆ? ಅವರೂ ಕ್ಯಾಚ್ ಆಲ್ ಹಾಕಿದರೆ ನನ್ನ ಅರ್ಧ ಜೀವನದ ಪಾಸ್‌ವರ್ಡ್ ಲಿಂಕುಗಳು ಅವರ ಮನೆಗೆ. ಬೆವರು ಕಿತ್ತುಬಂತು.

ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದೆ. ಪ್ಯಾನ್ ಕಾರ್ಡ್ ಕಳಿಸಿ, ದುಡ್ಡು ಕಟ್ಟಿ, ನಲವತ್ತು ನಿಮಿಷ ವೀಣೆ ಕೇಳಿದ ಮೇಲೆ ಹುಡುಗಿಯೊಬ್ಬಳು ಬಂದಳು.

"ಇನ್ಮೇಲೆ ಈ ಡೊಮೈನಿಂದು ಬೇಡ ಸಾರ್. ಬೇರೆ ಇಮೇಲ್ ಏನಾದ್ರೂ ಇದ್ಯಾ?"

ಸುತ್ತ ಯಾರೂ ಇಲ್ಲ ತಾನೇ ಅಂತ ನೋಡಿ ದನಿ ತಗ್ಗಿಸಿದೆ.

"ಬರ್ಕೊಳ್ಳಮ್ಮ. ಸಿ, ಓ, ಓ, ಎಲ್..."